ಬಾಟಲಿಯ ಮೇಲಿನ ನೀಲಿ ಗೆರೆ

ಈಸೂರು
9-6-2025

ಸಂಗೀತಾಳ ಅಪ್ಪನವರಿಗೆ,

ಶನಿವಾರ ನಿಮ್ಮನ್ನು ಕುಡಿತ ಬಿಡಿಸುವ ಕೇಂದ್ರದಿಂದ ಬಿಟ್ಟರೆಂದು ನಿಮ್ಮ ಅಕ್ಕ ತಾಯಕ್ಕ ಫೋನ್ ಮಾಡಿ ಹೇಳಿದರು. ನಾನು ಶಿವಮೊಗ್ಗಕ್ಕೆ ಬರಲಿಲ್ಲ, ಬೇಕೆಂದೇ ಬರಲಿಲ್ಲ. ಹಿಂದೆ ಎರಡು ಸಲ ನಾನೇ ಬಂದು, ಸಹಿ ಹಾಕಿ, ನಿಮ್ಮ ಬ್ಯಾಗು ಹಿಡಿದುಕೊಂಡು ಬಸ್ಸು ಹತ್ತಿದ್ದೆ. ಮೊದಲನೇ ಸಲ ನಲವತ್ತು ದಿನ ಕುಡಿಯದೆ ಇದ್ದಿರಿ, ಎರಡನೇ ಸಲ ಹನ್ನೊಂದು ದಿನ. ಮೂರನೇ ಸಲ ಆ ಬ್ಯಾಗು ಹಿಡಿಯುವ ಶಕ್ತಿ ನನ್ನಲ್ಲಿರಲಿಲ್ಲ. ಅಕ್ಕ ಬಂದು ಸಹಿ ಹಾಕಿದ್ದು ಒಳ್ಳೆಯದೇ ಆಯಿತು.

ಊರಿಗೆ ಬಂದರೆ ಹಳೇ ಗೆಳೆಯರು ಕಾದಿರುತ್ತಾರೆ, ಮೂರು ತಿಂಗಳು ಹೊಸಬಾಳೆಯಲ್ಲಿ ಅಕ್ಕನ ಮನೆಯಲ್ಲೇ ಇದ್ದು ಗುರುವಾರ ಗುರುವಾರ ಸೊರಬದಲ್ಲಿ ಕುಡಿತ ಬಿಟ್ಟವರ ಸಭೆಗೆ ಹೋಗಲಿ ಎಂದು ಸಂಗಮೇಶ್ ಸರ್ ಹೇಳಿದರಂತೆ. ಕೇಂದ್ರದಲ್ಲಿ ನಿಮಗೆ ಬುದ್ಧಿ ಹೇಳಿದವರು ಅವರು. ಅವರ ಮಾತು ನನಗೂ ಒಪ್ಪಿಗೆ. ಸೆಪ್ಟೆಂಬರ್ ಏಳಕ್ಕೆ ಮೂರು ತಿಂಗಳು ತುಂಬುತ್ತದೆ. ಮನೆಗೆ ಬನ್ನಿ ಎನ್ನಬೇಕೋ ಬೇಡ ಎನ್ನಬೇಕೋ ಎಂದು ಅವತ್ತು ಹೇಳುತ್ತೇನೆ. ಬೇಡ ಎಂದರೆ ಅದೇ ಕೊನೆ, ಆಮೇಲೆ ಮಾವ ಹೇಳಿದರೂ ಕೇಳುವುದಿಲ್ಲ.

ಅಲ್ಲಿಯವರೆಗೆ ನನಗೆ ಫೋನ್ ಮಾಡಬೇಡಿ. ಮಗಳ ಹತ್ತಿರ ಭಾನುವಾರ ಮಾತಾಡಿ. ನನ್ನ ಹತ್ತಿರ ಏನಿದ್ದರೂ ಪತ್ರದಲ್ಲಿ. ಫೋನಿನಲ್ಲಿ ನಿಮ್ಮ ದನಿ ಕೇಳಿ ಹನ್ನೆರಡು ವರ್ಷ ಮೋಸ ಹೋಗಿದ್ದೇನೆ. "ಇಲ್ಲ ಕಣೆ, ದೇವರಾಣೆಗೂ ಇಲ್ಲ" ಎಂದು ನೀವು ಅಂದಷ್ಟು ಚೆನ್ನಾಗಿ ಊರಿನಲ್ಲಿ ಯಾರೂ ಅನ್ನಲಾರರು. ಅಕ್ಷರ ಹಾಗಲ್ಲ. ಕುಡಿದಾಗ ನಿಮ್ಮ ಸಾಲು ಬಲಗಡೆ ಇಳಿಯುತ್ತದೆ. ನನಗೆ ಗೊತ್ತು.

ಡೈರಿಯಲ್ಲಿ ಬೆಳಗ್ಗೆ ಸಂಜೆ ಎಂಬತ್ತು ಮನೆಯ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟು ಡಿಗ್ರಿ ನೋಡುವವಳು ನಾನು. ನೀರು ಹಾಕಿದ್ದೇನೆ ಎಂದು ಇವತ್ತಿನವರೆಗೆ ಒಬ್ಬರೂ ಹೇಳಿಲ್ಲ. ಹಾಗಂತ ನೋಡುವುದನ್ನು ಬಿಟ್ಟಿಲ್ಲ.

ಜ್ಯೋತಿಲಕ್ಷ್ಮಿ


ಹೊಸಬಾಳೆ
15-6-2025

ಜ್ಯೋತಿ,

ಪತ್ರ ಬಂತು. ಪೋಸ್ಟ್‌ಮ್ಯಾನ್ ನನ್ನನ್ನು ಎರಡು ಸಲ ನೋಡಿ ಕೊಟ್ಟ. ಈ ಕಾಲದಲ್ಲಿ ಅಂಚೆಯಲ್ಲಿ ಕಾಗದ ಬರುವುದು ಕೋರ್ಟಿನಿಂದ ಮಾತ್ರ ಎಂದುಕೊಂಡಿದ್ದನೇನೋ.

ನಾನು ಶಾಲೆ ಬಿಟ್ಟ ಮೇಲೆ ಇಷ್ಟುದ್ದ ಬರೆದವನಲ್ಲ. ಸಾಲು ಇಳಿಯಬಾರದು ಎಂದು ಸಂಗೀತಾಳ ಹಾಗೆ ಸ್ಕೇಲ್ ಇಟ್ಟುಕೊಂಡು ಬರೆಯುತ್ತಿದ್ದೇನೆ. ನಗಬೇಡ.

ಇಲ್ಲಿ ದಿನ ಹೀಗೆ ಹೋಗುತ್ತದೆ. ಬೆಳಗ್ಗೆ ಎದ್ದ ಕೂಡಲೇ ಅಕ್ಕ ಒಂದು ಲೋಟ ನೀರು ಕೊಡುತ್ತಾಳೆ, ಖಾಲಿಯಾಗುವವರೆಗೆ ಎದುರಿಗೇ ನಿಂತಿರುತ್ತಾಳೆ. ಆಮೇಲೆ ಭಾವನ ಜೊತೆ ಗದ್ದೆಗೆ. ಮಧ್ಯಾಹ್ನ ಊಟ, ಸ್ವಲ್ಪ ನಿದ್ದೆ. ಸಂಜೆ ಐದರಿಂದ ಏಳರವರೆಗೆ ಕಷ್ಟ. ಆ ಹೊತ್ತಿಗೆ ಕೈಗೆ ಏನಾದರೂ ಕೆಲಸ ಬೇಕು. ಅಕ್ಕನ ಮನೆಯ ಕೊಟ್ಟಿಗೆಯ ಗೋಡೆ ಮೆತ್ತಿ ಮುಗಿಸಿದೆ, ಬಾಗಿಲಿಗೆ ಬಣ್ಣ ಹೊಡೆದೆ. ಇನ್ನು ಹೊಡೆಯಲು ಬಾಗಿಲು ಉಳಿದಿಲ್ಲ.

ಗುರುವಾರ ಸಭೆಗೆ ಹೋಗಿದ್ದೆ. ಹದಿನಾಲ್ಕು ಜನ ಇದ್ದೆವು. ಒಬ್ಬೊಬ್ಬರೇ ಎದ್ದು ಇವತ್ತಿಗೆ ಎಷ್ಟು ದಿನ ಎಂದು ಹೇಳಬೇಕು. ನಾನು ತೊಂಬತ್ತೇಳು ಎಂದೆ. ಕೇಂದ್ರದೊಳಗಿನ ದಿನವನ್ನೂ ಸೇರಿಸಿದ್ದಕ್ಕೆ ಪಕ್ಕದವರೊಬ್ಬರು ನಕ್ಕರು. ಬೀಗ ಹಾಕಿದ ಮನೆಯೊಳಗಿನ ದಿನ ಲೆಕ್ಕಕ್ಕಿಲ್ಲವಂತೆ. ಹಾಗಾದರೆ ನನ್ನದು ಐದು ದಿನ.

ಅಪ್ಪನ ಕಾಲು ನೋವು ಹೇಗಿದೆ? ಗಬ್ಬದ ಕುರಿಗಳನ್ನು ಮಳೆಗೆ ಬಿಡಬೇಡ ಎಂದು ಹೇಳು.

ಶಿವಯೋಗಿ


ಈಸೂರು
24-6-2025

ಸಂಗೀತಾಳ ಅಪ್ಪನವರಿಗೆ,

ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಸ್ಕೇಲ್ ಇಟ್ಟು ಬರೆದರೆ ನನಗೆ ಏನು ಗೊತ್ತಾಗಬೇಕು? ಮುಂದಿನ ಸಲ ಸ್ಕೇಲ್ ಇಲ್ಲದೆ ಬರೆಯಿರಿ.

ಎರಡು ವಿಷಯ ಕೇಳಬೇಕು. ಒಂದು, ನೀರು ಕುಡಿಯುವುದಕ್ಕೆ ಅಕ್ಕ ಎದುರಿಗೆ ಯಾಕೆ ನಿಲ್ಲಬೇಕು? ನಲವತ್ತು ದಾಟಿದ ಗಂಡಸಿಗೆ ನೀರು ಕುಡಿಯಲು ಕಾವಲು ಬೇಕೆ? ನೀವು ಏನೋ ಬರೆಯಹೋಗಿ ನಿಲ್ಲಿಸಿದ ಹಾಗಿದೆ.

ಎರಡು, ಕುರಿ ಸಾಗಿಸುವ ಗಾಡಿಯ ಯತೀಶ ಶುಕ್ರವಾರ ಡೈರಿಯ ಮುಂದೆ ನಿಂತು, "ನಿಮ್ಮನೇರ್ನ ಸೊರಬದಾಗ ನೋಡಿದೆ ಅಕ್ಕಾ, ವೈನ್ ಶಾಪ್ ಮುಂದ ನಿಂತಿದ್ರು, ನಾನು ಹಾರ್ನ್ ಹೊಡದ್ರೂ ಈ ಕಡೆ ತಿರುಗ್ಲಿಲ್ಲ" ಎಂದ. ಹಾಲು ಹಾಕಲು ಬಂದ ಆರು ಹೆಂಗಸರು ಅಲ್ಲೇ ಇದ್ದರು. ನಾನು ಕ್ಯಾನಿನೊಳಗೆ ಮುಖ ಬಗ್ಗಿಸಿಕೊಂಡು ಕೆಲಸ ಮಾಡಿದೆ.

ಮಾವನ ಕಾಲು ಹಾಗೇ ಇದೆ. ಕುರಿಗಳನ್ನು ಬಿಟ್ಟಿಲ್ಲ.

ಜ್ಯೋತಿಲಕ್ಷ್ಮಿ


ಹೊಸಬಾಳೆ
2-7-2025

ಜ್ಯೋತಿ,

ಸ್ಕೇಲ್ ಬಿಟ್ಟಿದ್ದೇನೆ. ಸಾಲು ಅಲುಗಿದರೆ ಅದು ಮಂಚದ ಮೇಲೆ ಕೂತು ಬರೆದದ್ದಕ್ಕೆ.

ನೀರಿನ ವಿಷಯ ಇಷ್ಟೇ. ನನಗೆ ಮೈ ಉಷ್ಣ ಜಾಸ್ತಿ, ನೀರು ಚೆನ್ನಾಗಿ ಕುಡಿಯಬೇಕು ಎಂದು ಡಾಕ್ಟರ್ ಹೇಳಿದ್ದಾರೆ. ನಾನು ಮರೆಯುತ್ತೇನೆ ಎಂದು ಅಕ್ಕ ನಿಲ್ಲುತ್ತಾಳೆ. ಅಷ್ಟೇ.

ಸೊರಬದಲ್ಲಿ ನಮ್ಮ ಬಸ್ಸು ನಿಲ್ಲುವುದೇ ಆ ಅಂಗಡಿಯ ಮುಂದೆ. ನಾನು ಬಸ್ಸಿಗೆ ನಿಂತಿದ್ದೆ. ಹಾರ್ನ್ ಕೇಳಿಸಿತು. ತಿರುಗಿದ್ದರೆ ಅಂಗಡಿಯ ಕಡೆ ತಿರುಗಬೇಕಿತ್ತು, ಅದಕ್ಕೇ ತಿರುಗಲಿಲ್ಲ. ಈಗ ಒಂದು ಮೈಲಿ ಮುಂದೆ ನಡೆದುಹೋಗಿ ಅಲ್ಲಿ ಬಸ್ಸು ಹತ್ತುತ್ತೇನೆ. ನಂಬುತ್ತೀಯೋ ಬಿಡುತ್ತೀಯೋ.

ಯತೀಶ ನನಗೂ ಸಿಕ್ಕಿದ್ದ. ಅವನ ಗಾಡಿಯಲ್ಲಿ ಕುರಿಗಿಂತ ಸುದ್ದಿಯೇ ಜಾಸ್ತಿ. ನೀನು ಶಿಕಾರಿಪುರದಲ್ಲಿ ಎರಡು ಮಂಗಳವಾರ ಕೋರ್ಟಿನ ಪಕ್ಕದ ಓಣಿಗೆ ಹೋಗಿದ್ದು ನೋಡಿದನಂತೆ, ಕೈಯಲ್ಲಿ ಕಾಗದದ ಚೀಲ ಇತ್ತಂತೆ. ಆ ಓಣಿಯಲ್ಲಿ ಯಾರ ಆಫೀಸುಗಳಿವೆ ಎಂದು ನನಗೂ ಗೊತ್ತು. ನೀನು ಫೋನ್ ಬೇಡ, ಪತ್ರವೇ ಬೇಕು ಎಂದದ್ದು ಇದಕ್ಕೇನಾ? ನನ್ನ ಕೈಬರಹ, ನನ್ನ ಸಹಿ, ಕುಡುಕ ಎಂದು ನಾನೇ ಒಪ್ಪಿಕೊಂಡ ಸಾಲುಗಳು. ಯಾರಿಗೆ ತೋರಿಸುತ್ತಿದ್ದೀಯ ಇವನ್ನು?

ಇವತ್ತಿಗೆ ಇಪ್ಪತ್ತೈದು ದಿನ. ಇದನ್ನೂ ತೋರಿಸು.

ಶಿವಯೋಗಿ


ಈಸೂರು
14-7-2025

ಸಂಗೀತಾಳ ಅಪ್ಪನವರಿಗೆ,

ಮಂಗಳವಾರ ನನಗೆ ಶಿಕಾರಿಪುರದಲ್ಲಿ ಕೆಲಸವಿರುತ್ತದೆ. ಏನು ಕೆಲಸ ಎಂದು ಹೇಳುವ ಕಾಲ ಬಂದಾಗ ಹೇಳುತ್ತೇನೆ. ಹನ್ನೆರಡು ವರ್ಷ ನೀವು ಎಲ್ಲಿಗೆ ಹೋಗುತ್ತಿದ್ದಿರಿ ಎಂದು ನನಗೆ ಹೇಳಿ ಹೋಗಿರಲಿಲ್ಲ.

ಮಾವ ಪಂಚಮಿಗೆ ಮಗಳನ್ನು ಕರೆಸಬೇಕು ಎನ್ನುತ್ತಿದ್ದಾರೆ. ತವರಿಗೆ ಅಕ್ಕನನ್ನು ಕರೆತರಬೇಕಾದವರು ನೀವು. ಈ ವರ್ಷ ಅಕ್ಕನೇ ನಿಮ್ಮನ್ನು ಕರೆದುಕೊಂಡು ಬರಲಿ. ಸೋಮವಾರ ಬಂದು ಬುಧವಾರ ಬೆಳಗಿನ ಬಸ್ಸಿಗೆ ಹೊರಡಬಹುದು. ಇದು ಹಬ್ಬಕ್ಕೆ ಮಾತ್ರ. ಸೆಪ್ಟೆಂಬರ್ ಏಳರ ಮಾತು ಬೇರೆ.

ಸಂಗೀತ ಜೋಕಾಲಿಗೆ ಹಗ್ಗ ಬೇಕು ಎಂದಿದ್ದಾಳೆ. ನಿಮಗೆ ಜಗುಲಿಯಲ್ಲಿ ಹಾಸುತ್ತೇನೆ. ಮಳೆ ಬಿಟ್ಟಿಲ್ಲ, ಚಳಿಯಾದರೆ ಅಟ್ಟದ ಮೇಲೆ ಕಂಬಳಿಗಳಿವೆ. ತೆಗೆದುಕೊಳ್ಳಬಹುದು.

ಜ್ಯೋತಿಲಕ್ಷ್ಮಿ


ಹೊಸಬಾಳೆ
2-8-2025

ಜ್ಯೋತಿಗೆ,

ಸುಖವಾಗಿ ಬಂದು ಸೇರಿದೆವು. ಶಿರಾಳಕೊಪ್ಪದಲ್ಲಿ ಬಸ್ಸಿಗೆ ಒಂದು ಗಂಟೆ ಕಾದೆವು. ಉಂಡೆ ಚೆನ್ನಾಗಿದ್ದವು ಎಂದು ಭಾವ ಹೇಳಿದರು. ಸಂಗೀತ ಎತ್ತರ ಆಗಿದ್ದಾಳೆ. ಹಬ್ಬದ ಸಂಜೆ ಹುಟ್ಟಿದ ಅವಳಿ ಮರಿಗಳು ಹೇಗಿವೆ ಎಂದು ಅಪ್ಪನನ್ನು ಕೇಳು.

ಕಂಬಳಿ ಕೊಟ್ಟದ್ದಕ್ಕೆ ಉಪಕಾರವಾಯಿತು.

ಶಿವಯೋಗಿ


ಈಸೂರು
5-8-2025

ಸಂಗೀತಾಳ ಅಪ್ಪನವರಿಗೆ,

ಇಷ್ಟು ಚಿಕ್ಕ ಪತ್ರ ನೀವು ಬರೆದದ್ದು ಇದೇ ಮೊದಲು. ಹೇಳಬಾರದ್ದು ಇದ್ದಾಗ ಮನುಷ್ಯ ಚಿಕ್ಕದಾಗಿ ಬರೆಯುತ್ತಾನೆ.

ಸುತ್ತು ಬಳಸಿ ಬರೆದು ಸಾಕಾಗಿದೆ, ನೇರ ಬರೆಯುತ್ತೇನೆ. ಮಾರ್ಚ್‌ನಲ್ಲಿ ನಿಮ್ಮನ್ನು ಕೇಂದ್ರಕ್ಕೆ ಸೇರಿಸಿದ ಮೇಲೆ ಅಟ್ಟ ಗುಡಿಸುವಾಗ ಸುತ್ತಿಟ್ಟ ಕರಿ ಕಂಬಳಿಯೊಳಗೆ ನಿಮ್ಮ ಅರ್ಧ ಬಾಟಲಿ ಬ್ರಾಂದಿ ಸಿಕ್ಕಿತು. ನಾನು ಅದನ್ನು ಚೆಲ್ಲಲಿಲ್ಲ. ಡೈರಿಯಲ್ಲಿ ಸ್ಯಾಂಪಲ್ ಬಾಟಲಿಗೆ ಗುರುತು ಹಾಕುವ ನೀಲಿ ಪೆನ್ಸಿಲ್ ತಂದು, ಬ್ರಾಂದಿ ಎಲ್ಲಿಯವರೆಗೆ ಇತ್ತೋ ಅಲ್ಲಿಗೆ ಬಾಟಲಿಗೆ ಅಂಟಿಸಿದ ಚೀಟಿಯ ಮೇಲೆ ಗೆರೆ ಎಳೆದು, ಅದೇ ಕಂಬಳಿಯಲ್ಲಿ ಸುತ್ತಿ ಅಲ್ಲೇ ಇಟ್ಟೆ. ಸೋಮವಾರ ನೀವು ಬರುವ ಮುಂಚೆ ಹತ್ತಿ ನೋಡಿದ್ದೆ, ಗೆರೆಗೆ ಸರಿಯಾಗಿತ್ತು. ಬುಧವಾರ ನಾನು ಡೈರಿಯಿಂದ ಬರುವಷ್ಟರಲ್ಲಿ ನೀವು ಬಸ್ಸು ಹತ್ತಿದ್ದಿರಿ. ಕೈ ಕೂಡ ತೊಳೆಯದೆ ಅಟ್ಟ ಹತ್ತಿದೆ. ಗೆರೆಯಿಂದ ಎರಡು ಬೆರಳು ಕೆಳಗಿತ್ತು.

ಅಟ್ಟ ಹತ್ತಿದ್ದು ಯಾರು? ಕಂಬಳಿ ತಂದವರು ನೀವು. ಮತ್ತೆ ಎರಡೂ ದಿನ ಬೆಳಗಿನ ಜಾವ ನೀವು ಅಕ್ಕ ತಮ್ಮ ಹಿತ್ತಿಲಲ್ಲಿ ನಿಂತು ಪಿಸುಗುಟ್ಟಿದ್ದನ್ನು ಅಡುಗೆಮನೆ ಕಿಟಕಿಯಿಂದ ನೋಡಿದ್ದೇನೆ. ನನ್ನನ್ನು ಕಂಡು ಅಕ್ಕ ಕೈಯಲ್ಲಿದ್ದದ್ದನ್ನು ಸೆರಗಿನೊಳಗೆ ಹಾಕಿಕೊಂಡರು. ಅವರೂ ನಿಮ್ಮ ಜೊತೆ ಸೇರಿದ್ದಾರೆಯೇ?

ಒಂದೇ ಮಾತಿನಲ್ಲಿ ಉತ್ತರ ಕೊಡಿ. ಕುಡಿದಿರಾ?

ಜ್ಯೋತಿಲಕ್ಷ್ಮಿ


ಹೊಸಬಾಳೆ
11-8-2025

ಜ್ಯೋತಿ,

ಇಲ್ಲ.

ಒಂದು ಮಾತು ಕೇಳಿದೆ, ಕೊಟ್ಟಿದ್ದೇನೆ. ಉಳಿದದ್ದು ನೀನು ಕೇಳದಿದ್ದರೂ ಬರೆಯುತ್ತೇನೆ.

ಕರಿ ಕಂಬಳಿ ಬಿಚ್ಚಿದ್ದು ನಾನೇ. ಮರಿಗಳು ಮಳೆಯಲ್ಲಿ ಹುಟ್ಟಿ ನಡುಗುತ್ತಿದ್ದವು, ಹೊದಿಸಲು ಹಳೇ ಕಂಬಳಿ ತಾ ಎಂದು ಅಪ್ಪ ಹೇಳಿದ. ಬಾಟಲಿ ಉರುಳಿ ಕೈಗೆ ಬಂತು. ಅದನ್ನು ಅಲ್ಲಿಟ್ಟದ್ದು ನನಗೆ ನೆನಪೇ ಇರಲಿಲ್ಲ. ಆಮೇಲೆ ನೀಲಿ ಗೆರೆ ಕಾಣಿಸಿತು. ಈ ಗೆರೆ ನನಗೆ ಗೊತ್ತಿಲ್ಲವೇ? ಎಷ್ಟು ವರ್ಷ ನಿನ್ನ ಸ್ಯಾಂಪಲ್ ಬಾಟಲಿಗಳನ್ನು ತೊಳೆದುಕೊಟ್ಟಿದ್ದೇನೆ.

ಆಗ ಗೊತ್ತಾಯಿತು, ಅಟ್ಟದ ಮೇಲೆ ಕಂಬಳಿಗಳಿವೆ ಎಂದು ನೀನು ಬರೆದದ್ದು ನನಗೆ ಚಳಿಯಾಗುತ್ತದೆ ಎಂದಲ್ಲ.

ಮುಚ್ಚಳ ತಿರುಗಿಸಲಿಲ್ಲ. ಇದ್ದ ಹಾಗೇ ಸುತ್ತಿಟ್ಟು, ಬೇರೆ ಕಂಬಳಿ ತಂದು ಅಪ್ಪನಿಗೆ ಕೊಟ್ಟೆ. ನನಗೆ ಅಂತ ಒಂದನ್ನು ತೆಗೆದುಕೊಂಡೆ. ಕೆಳಗೆ ನೀನು ಹಬ್ಬದ ಅಡುಗೆ ಬಡಿಸುತ್ತ, ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ ಎಂದೆ. ನನ್ನ ಬಾಯಿಯ ವಾಸನೆ ನೋಡಲು ಬಗ್ಗಿದೆಯೋ, ಬಡಿಸಲು ಬಗ್ಗಿದೆಯೋ ಎಂದು ಯೋಚಿಸುತ್ತ ಉಂಡೆ.

ಎರಡು ಬೆರಳು ಹೇಗೆ ಕಡಿಮೆಯಾಯಿತು ಎಂದು ನನಗೆ ಗೊತ್ತಿಲ್ಲ. ನೀನೇ ಚೆಲ್ಲಿ ನನ್ನ ಮೇಲೆ ಹಾಕುತ್ತಿದ್ದೀಯಾ ಎಂದೂ ಒಮ್ಮೆ ಅನ್ನಿಸಿತು. ಕೋರ್ಟಿನ ಓಣಿಯ ಕೆಲಸಕ್ಕೆ ಅದೂ ಬೇಕಾಗಬಹುದಲ್ಲ.

ಹಿತ್ತಿಲಿನ ವಿಷಯ ಅಕ್ಕನದು. ಅವಳನ್ನೇ ಕೇಳು.

ಶಿವಯೋಗಿ


ಈಸೂರು
16-8-2025

ಶಿವಯೋಗಿಯವರಿಗೆ,

ನಾನು ಚೆಲ್ಲಿದೆನೆಂದು ಬರೆಯಲು ನಿಮಗೆ ಕೈ ಹೇಗೆ ಬಂತು?

ಬಾಟಲಿಗೆ ನನ್ನ ಮೇಲೂ ನಿಮ್ಮ ಮೇಲೂ ಹಗೆಯಿಲ್ಲ. ಎಷ್ಟಿದೆಯೋ ಅಷ್ಟು ತೋರಿಸುತ್ತದೆ. ಮನೆಯಲ್ಲಿದ್ದವರು ಐದು ಜನ. ಸಂಗೀತಾಳಿಗೆ ಹನ್ನೊಂದು ವರ್ಷ. ಮಾವ ಜೀವಮಾನದಲ್ಲಿ ಕುಡಿದವರಲ್ಲ. ಅಕ್ಕ ಅಟ್ಟ ಹತ್ತುವುದಿಲ್ಲ. ನಾನು ಕುಡಿಯಲಿಲ್ಲ. ಯಾರು ಉಳಿದರು ಎಂದು ನೀವೇ ನೋಡಿಕೊಳ್ಳಿ.

ಅಕ್ಕನನ್ನು ಕೇಳಿದೆ. "ಅದು ಅವ್ನೇ ಹೇಳ್ಬೇಕು ಮಾರಾಯ್ತಿ, ನಂಗೆ ಆಣೆ ಹಾಕ್ಸಿದಾನೆ" ಎಂದು ಫೋನ್ ಇಟ್ಟರು. ಆಣೆ ಹಾಕಿಸಿ ಮುಚ್ಚಿಡುವಂಥದ್ದು ಏನಿದೆ?

ಸೆಪ್ಟೆಂಬರ್ ಏಳಕ್ಕೆ ಬರಬೇಡಿ. ಆಮೇಲೂ ಬೇಡ. ನಾನು ಅಳುತ್ತ ಬರೆಯುತ್ತಿಲ್ಲ. ಅಳು ಎರಡನೇ ಸಲಕ್ಕೇ ಮುಗಿದಿತ್ತು.

ಜ್ಯೋತಿಲಕ್ಷ್ಮಿ


ಹೊಸಬಾಳೆ
22-8-2025

ಜ್ಯೋತಿ,

ನಿನ್ನೆ ಗುರುವಾರ ಸಭೆಗೆ ಹೋಗಲಿಲ್ಲ. ಸಂಗಮೇಶ್ ಸರ್ ಎರಡು ಸಲ ಫೋನ್ ಮಾಡಿದರು, ತೆಗೆಯಲಿಲ್ಲ. ಎದ್ದು ನಿಂತು ಎಪ್ಪತ್ತೈದು ದಿನ ಎಂದು ಯಾರಿಗೆ ಹೇಳಲಿ? ಹೇಳಬೇಕಾದವಳ ಲೆಕ್ಕದಲ್ಲಿ ನಾನು ಪಂಚಮಿಯ ದಿನವೇ ಕುಡಿದಾಗಿದೆ.

ಕುಡಿಯದೆ ಇದ್ದರೂ ಕುಡುಕನೇ ಆಗುವುದಾದರೆ, ಈ ಸಂಜೆ ಐದರಿಂದ ಏಳು ಯಾಕೆ ಒದ್ದಾಡಬೇಕು ಎಂದು ನಿನ್ನೆಯಿಂದ ಯೋಚನೆ ಬರುತ್ತಿದೆ. ಹೆದರಿಸಲು ಬರೆಯುತ್ತಿಲ್ಲ. ಹೀಗೆ ಯೋಚನೆ ಬಂದಾಗ ಯಾರಿಗಾದರೂ ಹೇಳಬೇಕು ಎಂದು ಸಭೆಯಲ್ಲಿ ಕಲಿಸಿದ್ದಾರೆ. ನನಗೆ ಬರೆಯಲು ಇರುವುದು ನೀನೊಬ್ಬಳೇ.

ಸಾಲು ಬಲಗಡೆ ಇಳಿದಿದೆಯೇ ನೋಡಿಕೋ.

ಶಿವಯೋಗಿ


ಈಸೂರು
27-8-2025

ಸಂಗೀತಾಳ ಅಪ್ಪನಿಗೆ,

ಮನೆಯಲ್ಲಿ ಗಣಪತಿ ಇದ್ದಾನೆ, ಪೂಜೆ ಮಾವನಿಗೆ ಬಿಟ್ಟು ಇದನ್ನು ಬರೆಯಲು ಕೂತಿದ್ದೇನೆ. ನನ್ನ ಅಕ್ಷರವೇ ಇವತ್ತು ನೆಟ್ಟಗಿಲ್ಲ.

ಮೊದಲು ಕೋರ್ಟಿನ ಓಣಿಯ ವಿಷಯ. ಅಲ್ಲಿ ನಾನು ಹೋಗುವುದು ವಕೀಲರ ಹತ್ತಿರವಲ್ಲ. ಓಣಿಯ ಕೊನೆಯ ಸಮುದಾಯ ಭವನದಲ್ಲಿ ಮಂಗಳವಾರ ಕುಡಿಯುವವರ ಮನೆಯವರ ಸಭೆ ನಡೆಯುತ್ತದೆ. ನಡೆಸುವವರು ನಿಮ್ಮ ಸಂಗಮೇಶ್ ಸರ್ ಅವರೇ. ಕುಡಿದವರು ನೀವು, ಸಭೆಗೆ ಹೋಗಬೇಕಾದವಳು ನಾನೇ ಎಂದು ಮೊದಲು ಸಿಟ್ಟು ಬಂದಿತ್ತು. ಆಮೇಲೆ ಅಲ್ಲಿಗೆ ಹೋಗದಿದ್ದರೆ ವಾರ ಕಳೆಯುವುದಿಲ್ಲ ಎನ್ನಿಸಿತು. ನಾಚಿಕೆಗೆ ನಿಮಗೆ ಹೇಳಲಿಲ್ಲ. ಚೀಲದಲ್ಲಿದ್ದದ್ದು ನಿಮ್ಮ ಪತ್ರಗಳೇ. ಯಾರಿಗೂ ತೋರಿಸಿಲ್ಲ. ಬಸ್ಸಿನಲ್ಲಿ ಓದಿಕೊಳ್ಳುತ್ತಿದ್ದೆ.

ನಿನ್ನೆ ಬೆಳಗ್ಗೆ ನಿಮ್ಮ ಪತ್ರ ಬಂತು, ಅದನ್ನೂ ಇಟ್ಟುಕೊಂಡೇ ಸಭೆಗೆ ಹೋದೆ. ಸರ್ ಮಾತ್ರೆಯ ಬಗ್ಗೆ ಹೇಳುತ್ತಿದ್ದರು. ಕುಡಿತ ಬಿಟ್ಟವರಿಗೆ ಡಾಕ್ಟರ್ ಒಂದು ಮಾತ್ರೆ ಕೊಡುತ್ತಾರೆ, ದಿನಾ ಬೆಳಗ್ಗೆ ಮನೆಯವರೊಬ್ಬರು ಎದುರಿಗೆ ನಿಂತು ನೀರಿನ ಜೊತೆ ನುಂಗಿಸಬೇಕು, ಅದು ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಬಡಿದುಕೊಂಡು, ಕೆಲವರಿಗೆ ಜೀವಕ್ಕೇ ಕುತ್ತು ಬರಬಹುದು ಎಂದರು. ಎದುರಿಗೆ ನಿಂತು ಎಂದ ಕೂಡಲೇ ನನಗೆ ಅಕ್ಕನ ಲೋಟ ನೆನಪಾಯಿತು, ಹಿತ್ತಿಲಲ್ಲಿ ಅವರು ಸೆರಗಿನೊಳಗೆ ಹಾಕಿಕೊಂಡದ್ದೂ ನೆನಪಾಯಿತು. ಎದ್ದು ನಿಂತು, ನಮ್ಮ ಮನೆಯವರಿಗೂ ಕೊಟ್ಟಿದ್ದೀರಾ ಸರ್ ಎಂದು ಎಲ್ಲರ ಮುಂದೆ ಕೇಳಿದೆ. "ಅದನ್ನ ಅವರೇ ಹೇಳ್ಬೇಕಮ್ಮ, ಕೇಳಿ ಅವ್ರನ್ನ" ಎಂದರು. ಅಷ್ಟು ಸಾಕಾಯಿತು.

ಮೈ ಉಷ್ಣ ಎಂದು ಬರೆದಿದ್ದಿರಿ.

ಬಸ್ಸಿನಲ್ಲಿ ಬರುವಾಗ ಒಂದೇ ಯೋಚನೆ. ಇವರು ಮಾತ್ರೆ ನುಂಗುತ್ತಿದ್ದರು, ನಾನು ಮನೆಗೆ ಕರೆದು, ಕಂಬಳಿಯಲ್ಲಿ ಸುತ್ತಿ, ಗೆರೆ ಎಳೆದು, ಇಗೋ ಕುಡಿಯಿರಿ ಎಂದು ಇಟ್ಟಿದ್ದೆ. ಕುಡಿದಿದ್ದರೆ ಹಬ್ಬದ ದಿನ ನಮ್ಮ ಜಗುಲಿಯಲ್ಲೇ ನಿಮ್ಮ ಜೀವ ಹೋಗುತ್ತಿತ್ತು. ಹೇಗೆ ಹೋಯಿತು ಎಂದು ನನಗೆ ಗೊತ್ತೂ ಆಗುತ್ತಿರಲಿಲ್ಲ.

ಎರಡು ಬೆರಳು ಕುಡಿದವರು ಬುಧವಾರ ಬಸ್ಸು ಹತ್ತುವ ಸ್ಥಿತಿಯಲ್ಲಿ ಇರುವುದಿಲ್ಲ ಎಂದು ಶಿಕಾರಿಪುರ ದಾಟುವಾಗ ಹೊಳೆಯಿತು. ಮನೆಗೆ ಬಂದವಳೇ ಮಾವನನ್ನು ಕೇಳಿದೆ, ಪಂಚಮಿಯಲ್ಲಿ ಅವರಿಗೇನಾದರೂ ಹುಷಾರು ತಪ್ಪಿತ್ತಾ ಎಂದು. ಯಾಕೆ ಎಂದರು. ಬಾಟಲಿಯ ವಿಷಯ ಹೇಳಲೇಬೇಕಾಯಿತು. ಮಾವ ಹೊರಗೆ ದೊಡ್ಡಿಯ ಕಡೆ ನೋಡುತ್ತ ಅಂದರು, "ಅದು ನಾನವ್ವಾ. ಮರಿ ಎಲ್ಡೂ ಚಳೀಗೆ ಸೆಟೆದ್ ಹೋಗಿದ್ವು. ಇವ್ನು ಅಟ್ಟದಾಗ ಅದನ್ನ ಕೈಯಾಗ ಹಿಡ್ಕಂಡು ನಿಂತಿದ್ದು ಏಣಿ ಬುಡದಿಂದ ಕಂಡಿದ್ದೆ. ಇಟ್ಟು ಇಳದ್ ಬಂದ. ಇವ್ನಿಗೆ ಬ್ಯಾಡಾದ್ದು ಮರಿಗಾರ ಆಗ್ಲಿ ಅಂತ ಆಮ್ಯಾಕ ಹತ್ತಿ ಲೋಟದಾಗ ಒಂದೀಟು ಬಗ್ಗಿಸ್ಕಂಡೆ. ಸಂಜೀಗೊಂದ್ ದಪ, ಬೆಳಗಿನ ಜಾವಕ್ಕೊಂದ್ ದಪ, ಚಮಚದಾಗ ಬಾಯಿಗೆ ಬಿಟ್ಟೆ. ಕುರಿಗೆ ನಾವು ಮೊದ್ಲಿಂದ ಹಂಗ ಮಾಡದು." ನನಗೆ ಯಾಕೆ ಹೇಳಲಿಲ್ಲ ಎಂದೆ. "ನೀನು ಕೇಳ್ಲಿಲ್ಲಲ್ಲವ್ವಾ" ಎಂದರು.

ಕಾಲು ನೋವಿನ ಮುದುಕರು ಏಣಿ ಹತ್ತುತ್ತಾರೆ ಎಂದು ನಾನು ಲೆಕ್ಕವನ್ನೇ ಹಾಕಿರಲಿಲ್ಲ. ನಿಮ್ಮನ್ನು ಬಿಟ್ಟು ಇನ್ನೊಬ್ಬರ ಮೇಲೆ ನನಗೆ ಅನುಮಾನವೇ ಬರಲಿಲ್ಲ. ನಿಮ್ಮ ಮೇಲೆ ಅನುಮಾನ ಪಡುವುದು ಅಷ್ಟು ರೂಢಿಯಾಗಿ ಹೋಗಿದೆ.

ತಪ್ಪು ನನ್ನದು. ಮಾತ್ರೆ ಮುಚ್ಚಿಟ್ಟ ತಪ್ಪು ನಿಮ್ಮದು. ಯಾರದು ದೊಡ್ಡದು ಎಂದು ಆಮೇಲೆ ಜಗಳವಾಡೋಣ. ನಾಳೆಯೇ ಗುರುವಾರ. ಈ ಪತ್ರ ಅಷ್ಟರೊಳಗೆ ಸೇರುವುದಿಲ್ಲ, ಅದಕ್ಕೇ ಅಕ್ಕನಿಗೆ ಫೋನ್ ಮಾಡಿ, ಎಳೆದುಕೊಂಡಾದರೂ ಸಭೆಗೆ ಹೋಗಿ ಎಂದು ಹೇಳಿದ್ದೇನೆ. ಹೋಗಿ ಬನ್ನಿ.

ಜ್ಯೋತಿ


ಹೊಸಬಾಳೆ
31-8-2025

ಜ್ಯೋತಿ,

ಗುರುವಾರ ಹೋದೆ. ಅಕ್ಕ ಬಾಗಿಲವರೆಗೆ ಬಂದು ನಾನು ಒಳಗೆ ಹೋದ ಮೇಲೆಯೇ ತಿರುಗಿದಳು. ಎದ್ದು ನಿಂತು ಎಂಬತ್ತೆರಡು ಎಂದೆ.

ಮಾತ್ರೆಯ ವಿಷಯ ಮುಚ್ಚಿಟ್ಟದ್ದು ಯಾಕೆಂದರೆ, ಮಾತ್ರೆಗೆ ಹೆದರಿ ಬಿಟ್ಟಿದ್ದಾನೆ, ಮನಸ್ಸಿನಿಂದ ಬಿಟ್ಟಿಲ್ಲ ಎಂದು ನೀನು ಅಂದುಕೊಳ್ಳುತ್ತೀಯ ಎಂಬ ಭಯ. ಅದು ಅರ್ಧ ನಿಜ. ಪಂಚಮಿಯ ದಿನ ಬಾಟಲಿ ಹಿಡಿದಾಗ ನನ್ನನ್ನು ತಡೆದದ್ದು ಮಾತ್ರೆಯೋ, ನೀಲಿ ಗೆರೆಯೋ, ನಾನೋ ಎಂದು ಇವತ್ತಿಗೂ ಗೊತ್ತಿಲ್ಲ.

ಇನ್ನೊಂದು ವಿಷಯ ಹೇಳಬೇಕು. ನೀನು ಬರಬೇಡ ಎಂದು ಬರೆದ ಮೇಲೆ ಎರಡು ದಿನ ಮಾತ್ರೆಯನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು, ನೀರು ಕುಡಿದ ಹಾಗೆ ಮಾಡಿ, ಕೊಟ್ಟಿಗೆಯ ಹಿಂದೆ ಉಗಿದೆ. ಕುಡಿದಿಲ್ಲ, ಆದರೆ ಕುಡಿಯಲು ದಾರಿ ಮಾಡಿಕೊಳ್ಳುತ್ತಿದ್ದೆ. ಇದನ್ನು ಸಭೆಯಲ್ಲಿ ಹೇಳಿದೆ, ಮನೆಗೆ ಬಂದು ಅಕ್ಕನಿಗೂ ಹೇಳಿದೆ. ಅವಳು ಬೈಯಲಿಲ್ಲ. ಈಗ ಮಾತ್ರೆಯನ್ನು ಪುಡಿ ಮಾಡಿ ನೀರಿನಲ್ಲಿ ಕದಡಿ ಕೊಡುತ್ತಾಳೆ. "ಬಾಯಿ ತೆಗಿ ನೋಡನ" ಎನ್ನುತ್ತಾಳೆ.

ಇನ್ನು ಮುಖ್ಯದ್ದು. ನೀನು ಅಟ್ಟದ ಮೇಲಿನದು ಒಂದನ್ನೇ ಕಂಡೆ. ನಮ್ಮ ಮನೆಯಲ್ಲಿ ಇನ್ನೂ ನಾಲ್ಕು ಜಾಗಗಳಿವೆ. ಪಂಪ್‌ಸೆಟ್ ಮನೆಯಲ್ಲಿ ಸ್ಟಾರ್ಟರ್ ಡಬ್ಬಿಯ ಹಿಂದೆ ಒಂದು. ಹಿತ್ತಿಲ ಸೌದೆ ರಾಶಿಯಲ್ಲಿ ಗೋಡೆಯ ಕಡೆ ತುದಿಗೆ ಒಂದು. ಅಲ್ಲಿ ಖಾಲಿ ಬಾಟಲಿಗಳಿರಬಹುದು, ಇಲ್ಲದೆಯೂ ಇರಬಹುದು. ಮೂರನೆಯದು ಸಂಗೀತಾಳ ಹಳೇ ತೊಟ್ಟಿಲಲ್ಲಿ ಹಾಸಿನ ಕೆಳಗೆ. ಇದನ್ನು ಬರೆಯಲು ಪೆನ್ನು ಎತ್ತಿ ಎರಡು ಸಲ ಇಟ್ಟೆ. ಅವಳು ಅದರಲ್ಲಿ ಮಲಗುತ್ತಿದ್ದ ಕಾಲದಿಂದಲೂ ಅಲ್ಲಿ ಇಡುತ್ತಿದ್ದೆ.

ನಾಲ್ಕನೆಯದು ಬಚ್ಚಲ ಹಿಂದೆ ತೂಗುಹಾಕಿರುವ ತೂತು ಬಿದ್ದ ಹಾಲಿನ ಕ್ಯಾನ್. ಊರಿನವರ ಕ್ಯಾನ್‌ಗಳ ಮುಚ್ಚಳವನ್ನೆಲ್ಲ ತೆಗೆದು ನೋಡುವವಳು ಅದೊಂದನ್ನು ಯಾವತ್ತೂ ತೆಗೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದರಲ್ಲಿ ತುಂಬಿದ ಬಾಟಲಿ ಇದೆ, ಸೀಲ್ ಒಡೆದಿಲ್ಲ. ಕೇಂದ್ರಕ್ಕೆ ಹೊರಡುವ ಹಿಂದಿನ ದಿನ ಇಟ್ಟದ್ದು. ಇದು ಮರೆತದ್ದಲ್ಲ. ಕೇಂದ್ರದಲ್ಲಿ ಮಲಗಿದಾಗಲೂ ಇಲ್ಲಿ ಗೋಡೆ ಮೆತ್ತುವಾಗಲೂ ಅದು ಅಲ್ಲಿದೆ ಎಂದು ನೆನೆಸಿಕೊಂಡರೆ ಒಂದು ಧೈರ್ಯ ಇರುತ್ತಿತ್ತು. ಪಂಚಮಿಯಲ್ಲಿ ಬಚ್ಚಲಿಗೆ ಹೋದಾಗಲೆಲ್ಲ ಆ ಕ್ಯಾನ್ ನೋಡಿದೆ. ಮುಟ್ಟಲಿಲ್ಲ, ಆದರೆ ನಿನಗೆ ಹೇಳಲೂ ಇಲ್ಲ. ಇದುವರೆಗೆ ಯಾರಿಗೂ ಹೇಳಿಲ್ಲ, ಸಭೆಯಲ್ಲೂ ಇಲ್ಲ.

ಈಗ ಹೇಳಿದೆ. ಹೇಳಿದ ಮೇಲೆ ಕೈ ಖಾಲಿ ಖಾಲಿ ಅನ್ನಿಸುತ್ತಿದೆ, ಭಯವಾಗುತ್ತಿದೆ. ಇನ್ನು ಮನೆಗೆ ಕರೆಯುವುದೂ ಬಿಡುವುದೂ ನಿನಗೆ ಸೇರಿದ್ದು.

ಶಿವಯೋಗಿ


ಈಸೂರು
4-9-2025

ರೀ,

ನಿನ್ನೆ ಪತ್ರ ಬಂತು. ಓದಿ ಮುಗಿಸಿದ ಕೂಡಲೇ ಟಾರ್ಚ್ ಹಿಡಿದು ಹೊರಟೆ. ಸ್ಟಾರ್ಟರ್ ಡಬ್ಬಿಯ ಹಿಂದೆ ಏನೂ ಇರಲಿಲ್ಲ. ಸೌದೆಯಲ್ಲಿ ಮೂರು ಖಾಲಿ ಬಾಟಲಿ ಸಿಕ್ಕಿದವು. ತೊಟ್ಟಿಲ ಹಾಸು ಎತ್ತಿದೆ, ಬರೀ ವಾಸನೆ. ಅಲ್ಲಿ ಸ್ವಲ್ಪ ಹೊತ್ತು ಕೂತು ಅತ್ತೆ. ಅಳು ಮುಗಿದಿದೆ ಎಂದು ಬರೆದಿದ್ದೆನಲ್ಲ, ಅದು ಸುಳ್ಳಾಯಿತು.

ಕ್ಯಾನಿನಲ್ಲಿ ನೀವು ಹೇಳಿದ ಹಾಗೆಯೇ ಇತ್ತು, ಸೀಲ್ ಕೂಡ ಹಾಗೆಯೇ ಇತ್ತು. ಈ ಸಲ ಗುರುತು ಹಾಕಿ ಇಡಲಿಲ್ಲ. ಅಟ್ಟದ ಮೇಲಿನದನ್ನೂ ಇಳಿಸಿ, ಮಾವನ ಎದುರಿಗೆ ಎರಡನ್ನೂ ತಿಪ್ಪೆಗೆ ಸುರಿದೆ. ಮರಿಗಳಿಗೆ ಅಂತ ಒಂದೀಟು ಉಳಿಸಬಹುದಿತ್ತು ಎಂದು ಮಾವ ಗೊಣಗಿದರು. ಮರಿಗಳಿಗೆ ಚಳಿಯಾದರೆ ಒಲೆಯ ಮುಂದೆ ಮಲಗಿಸಿ ಎಂದೆ.

ಭಾನುವಾರ ಏಳನೇ ತಾರೀಖು. ಅವತ್ತು ರಾತ್ರಿ ಗ್ರಹಣವಂತೆ, ಮಧ್ಯಾಹ್ನದೊಳಗೆ ಬಂದುಬಿಡಿ ಎಂದು ಮಾವ ಹೇಳಿದ್ದಾರೆ. ಬೆಳಗಿನ ಮಾತ್ರೆ ಅಲ್ಲೇ ಮುಗಿಸಿ ಹೊರಡಿ. ಉಳಿದ ಮಾತ್ರೆಗಳನ್ನು ಅಕ್ಕ ತಾವೇ ತಂದು ನನ್ನ ಕೈಗೆ ಕೊಡಬೇಕು. ಸೋಮವಾರದಿಂದ ನಾನೇ ಪುಡಿ ಮಾಡಿ ಕದಡಿ ಕೊಡುತ್ತೇನೆ, ಡೈರಿಗೆ ಹೋಗುವ ಮುಂಚೆ, ಐದೂವರೆಗೆ. ಬಾಯಿ ತೆಗೆಸಿಯೂ ನೋಡುತ್ತೇನೆ. ಗುರುವಾರ ಸೊರಬಕ್ಕೆ ಹೋಗುವುದು ತಪ್ಪಕೂಡದು, ಮಂಗಳವಾರ ನಾನೂ ತಪ್ಪಿಸುವುದಿಲ್ಲ. ಸಂಜೆ ಐದರಿಂದ ಏಳು ಡೈರಿಗೆ ಬಂದು ಕ್ಯಾನ್ ತೊಳೆಯಿರಿ, ಎಷ್ಟು ಬೇಕಾದರೂ ಇವೆ.

ನಂಬಿಕೆ ಬಂದಿದೆ ಎಂದು ನಾನು ಬರೆಯುವುದಿಲ್ಲ, ಬಂದಿಲ್ಲ. ನೀವು ನಾಲ್ಕು ಜಾಗ ಬರೆದಿರಿ. ಕುರಿ ದೊಡ್ಡಿಯ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಒಂದು ಗೂಡಿದೆಯಲ್ಲ, ಅದನ್ನು ನೀವು ಬರೆದಿರಲಿಲ್ಲ. ನಾನು ಅಲ್ಲಿಗೂ ಹೋಗಿ, ಮೊಣಕೈಯವರೆಗೆ ಕೈ ಹಾಕಿ ನೋಡಿದೆ. ತುಕ್ಕು ಹಿಡಿದ ಕುರಿ ಕತ್ತರಿ ಒಂದು ಬಿಟ್ಟರೆ ಏನೂ ಇರಲಿಲ್ಲ.

ಭಾನುವಾರ ಬನ್ನಿ.

ಜ್ಯೋತಿ